ರೈಲಿಲ್ಲದ ಊರಿನಿಂದ ಆರು ದೇಶದ ರೈಲಿಗೆ

ನಮ್ಮ ಸವದತ್ತಿಗೆ ರೈಲಿಲ್ಲ. ಎಲ್ಲವ್ವನ ಗುಡ್ಡಕ್ಕೆ ಬನದ ಹುಣ್ಣಿವೆ, ಭಾರತ ಹುಣ್ಣಿವೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿಯಲ್ಲಿ ಬರುತ್ತಾರೆ, ಟ್ರ್ಯಾಕ್ಟರಿನಲ್ಲಿ, ಬಸ್ಸಿನಲ್ಲಿ ಬರುತ್ತಾರೆ, ನಡೆದೂ ಬರುತ್ತಾರೆ. ರೈಲಿನಲ್ಲಿ ಮಾತ್ರ ಬರುವಹಾಗಿಲ್ಲ. ಗಾಡಿ ಹತ್ತಬೇಕೆಂದರೆ ನಾವು ಧಾರವಾಡಕ್ಕೇ ಹೋಗಬೇಕು. ಮದುವೆಯಾಗಿ ಈ ಊರಿಗೆ ಬಂದ ಇಪ್ಪತ್ತಾರು ವರ್ಷಗಳಲ್ಲಿ ನಾನು ರೈಲು ಹತ್ತಿದ್ದನ್ನು ಎರಡು ಕೈಬೆರಳಲ್ಲಿ ಎಣಿಸಬಹುದು. ಅಂಥವಳು 2025ರ ಮೇ ಕೊನೆಗೆ ಯುರೋಪಿನ ಆರು ದೇಶಗಳನ್ನು ಹತ್ತೇ ದಿನದಲ್ಲಿ ರೈಲಿನಲ್ಲಿ ಸುತ್ತಿ ಬಂದೆನೆಂದರೆ, "ಯಾವುದೋ ಟೂರಿನವರ ಹಿಂದೆ ಹೋಗಿರಬೇಕು ಬಿಡ್ರಿ" ಎಂದು ನೀವು ಅನ್ನಬಹುದು. ಇಲ್ಲ ಸೋದರಿಯರೇ, ಆ ಪ್ರವಾಸದ ಯೋಜನೆ ಹಾಕಿದವಳು ಎಸ್ಸೆಸ್ಸೆಲ್ಸಿವರೆಗೆ ಓದಿದ ನಾನೇ. ಅದು ಹೇಗೆ, ಎಲ್ಲಿ ಎಡವುತ್ತಿದ್ದೆ, ಎಲ್ಲಿ ಸಾವರಿಸಿಕೊಂಡೆ ಎಂಬುದನ್ನು ಹೇಳಲು ಈ ಲೇಖನ.

ನಮ್ಮ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಾಳೆ. "ಒಮ್ಮೆ ಬಂದು ನೋಡ್ರಿ" ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಬಾಜಾರದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಯಜಮಾನರು ಅಂಗಡಿ ಬಿಟ್ಟು ಏಳುವವರಲ್ಲ. ಕೊನೆಗೆ ನನ್ನ ಭಿಶಿಯ ದುಡ್ಡು, ಅವರ ಉಳಿತಾಯ, ಮಗಳು ಅಲ್ಲಿ ಸಂಜೆ ಕೆಲಸ ಮಾಡಿ ಕೂಡಿಸಿದ್ದು, ಇಷ್ಟನ್ನೂ ಒಟ್ಟು ಮಾಡಿದಾಗ ಧೈರ್ಯ ಬಂತು. ಆದರೆ ಮಗಳಿಗೆ ಪರೀಕ್ಷೆ, ಪ್ರಾಜೆಕ್ಟು. ಫೋನಿನಲ್ಲಿ ಹೇಳಿಬಿಟ್ಟಳು: "ಅವ್ವಾ, ನನಗ ಒಂದು ಮಿನಿಟ್ ಸೈತ ಬಿಡುವಿಲ್ಲ. ತಿರುಗಾಟದ ಪ್ಲ್ಯಾನು ನೀನೇ ಹಾಕು. ಮನಿ ಮಂದಿ ಲಗ್ನ ಎಲ್ಲಾ ನೀನೇ ಅಲ್ಲೇನು ನಿಭಾಯಿಸಿದ್ದು?"

ನನಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಅಂದು ರಾತ್ರಿ ಅಂಗಡಿಯ ಒಂದು ಹೊಸ ವಹಿ ತೆಗೆದುಕೊಂಡು ಕುಳಿತೆ.

ತಲೆಗೊಂದು ಊರು

ನನ್ನ ತವರು ರಾಮದುರ್ಗದ ಕಡೆ. ಚಿಕ್ಕವಳಿದ್ದಾಗ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಬರುತ್ತಿದ್ದೆವು. ಹೊರಡುವ ಮೊದಲು ನಮ್ಮವ್ವ ಮೂರೇ ಮಾತು ಕೇಳುತ್ತಿದ್ದಳು: ಮುಕ್ಕಾಮು ಎಲ್ಲಿ? ನೀರು ಎಲ್ಲಿ? ಏನನ್ನು ಬಿಟ್ಟು ಹೋಗೋಣು? ಮೂರನೆಯದೇ ಮುಖ್ಯ. ಎಲ್ಲವನ್ನೂ ಹೇರಿದರೆ ಎತ್ತು ಎಳೆಯುವುದಿಲ್ಲ. ಯುರೋಪಾದರೇನು, ಲೆಕ್ಕ ಅದೇ.

ಮೊದಲು ಮಗಳ ಗೆಳತಿಯೊಬ್ಬಳು ಒಂದು ಪಟ್ಟಿ ಕಳಿಸಿದ್ದಳು. ಒಂಬತ್ತು ದಿನ, ಹನ್ನೊಂದು ಊರು. ದಿನಾ ಬೆಳಗಾದರೆ ಗಂಟು ಕಟ್ಟುವುದು, ಸಂಜೆಯಾದರೆ ಗಂಟು ಬಿಚ್ಚುವುದು. ಇಪ್ಪತ್ತು ವರ್ಷದ ಹುಡುಗರಿಗೆ ಅದು ಸರಿ. ಮೊಣಕಾಲು ನೋವಿನ ಯಜಮಾನರಿಗೆ ಅದು ಪ್ರವಾಸವಲ್ಲ, ಶಿಕ್ಷೆ. ಅದಕ್ಕೆ ನಾನೊಂದು ಕಟ್ಟಳೆ ಮಾಡಿದೆ: ತಲೆಗೊಂದು ಊರು. ಮೂವರೂ ತಮತಮಗೆ ಬೇಕಾದ ಒಂದೊಂದು ಜಾಗ ಹೇಳಬೇಕು. ಉಳಿದದ್ದು ದಾರಿಯಲ್ಲಿ ಸಿಕ್ಕರೆ ಸಿಕ್ಕಿತು.

ಮಗಳು ಪ್ಯಾರಿಸ್ ಎಂದಳು. ನನಗೆ ಹಿಮದ ಗುಡ್ಡ ನೋಡುವ ಆಸೆ, ಅದೂ ರೈಲಿನ ಕಿಟಕಿಯಿಂದ, ಸ್ವಿಟ್ಜರ್ಲೆಂಡ್ ಬರೆದೆ. ಯಜಮಾನರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, "ಲಂಡನ್ನಿನಾಗ ಬಸವಣ್ಣನವರ ಮೂರ್ತಿ ಐತೆಂತಲ್ಲ. ಅದನ್ನ ಒಮ್ಮೆ ನೋಡಬೇಕು" ಎಂದರು.

ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ನಮ್ಮ ಕಲಬುರ್ಗಿ ಮೂಲದ, ಅಲ್ಲಿನ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರು ಅದಕ್ಕಾಗಿ ಓಡಾಡಿದವರು. ಅಂದಿನ ಪತ್ರಿಕೆಯ ತುಣುಕನ್ನು ಯಜಮಾನರು ಅಂಗಡಿಯ ಗಲ್ಲೆಯೊಳಗೆ ಇಟ್ಟುಕೊಂಡಿದ್ದರಂತೆ. ನನಗೇ ಗೊತ್ತಿರಲಿಲ್ಲ!

ಮಗಳ ಹಳೆಯ ಶಾಲೆಯ ಅಟ್ಲಾಸ್ ತೆಗೆದು ಬೆರಳಿಟ್ಟು ನೋಡಿದೆ. ಮ್ಯೂನಿಕ್‌ನಿಂದ ಜೂರಿಕ್‌ಗೆ ನೇರ ಗಾಡಿಯಿದೆ, ನಾಲ್ಕು ತಾಸಿನೊಳಗಿನ ದಾರಿ. ನಡುವೆ ಒಂದಿಷ್ಟು ಆಸ್ಟ್ರಿಯಾ ದೇಶವೂ ಬರುತ್ತದೆ. ಜೂರಿಕ್‌ನಿಂದ ಲುಸರ್ನ್ ಒಂದು ತಾಸಿಗಿಂತ ಕಡಿಮೆ. ಲುಸರ್ನ್‌ನಿಂದ ಬಾಸೆಲ್ ಮೇಲೆ ಹಾಯ್ದು ಪ್ಯಾರಿಸ್. ಪ್ಯಾರಿಸ್‌ನಿಂದ ಸಮುದ್ರದ ಕೆಳಗಿನ ಸುರಂಗದಲ್ಲಿ ಲಂಡನ್. ಬರುವಾಗ ಬೆಲ್ಜಿಯಮ್ಮಿನ ಬ್ರಸೆಲ್ಸ್ ಮೇಲೆ ಜರ್ಮನಿಯ ಕಲೋನ್, ಅಲ್ಲಿಂದ ಮ್ಯೂನಿಕ್. ಬಳೆಯ ಹಾಗೆ ಒಂದು ಸುತ್ತು. ಹೋದ ದಾರಿಯಲ್ಲಿ ಮತ್ತೆ ಬರುವುದಿಲ್ಲ. ಮುಕ್ಕಾಮು ಲುಸರ್ನ್‌ನಲ್ಲಿ ಮೂರು ರಾತ್ರಿ, ಪ್ಯಾರಿಸ್‌ನಲ್ಲಿ ಎರಡು, ಲಂಡನ್‌ನಲ್ಲಿ ಮೂರು, ಕಲೋನ್‌ನಲ್ಲಿ ಒಂದು. ಹನ್ನೊಂದು ಊರು ಹೋಗಿ ನಾಲ್ಕಾಯಿತು. ಮನಸ್ಸೂ ಹಗುರಾಯಿತು.

ಒಂದು ಚೌಕದ ಕಥೆ

ಈಗ ವೀಸಾದ ಮಾತು. ಇಲ್ಲೇ ನಮ್ಮ ಪ್ರವಾಸ ಮುಳುಗುವುದರಲ್ಲಿತ್ತು.

ಯುರೋಪಿನ 29 ದೇಶಗಳು ಕೂಡಿ "ಷೆಂಗೆನ್" ಎಂಬ ಒಂದೇ ವೀಸಾ ಮಾಡಿಕೊಂಡಿವೆ. ಒಂದು ಅಂಗಳಕ್ಕೆ 29 ಮನೆ ಇದ್ದ ಹಾಗೆ ಎನ್ನಿ. ಅಂಗಳದೊಳಗೆ ಬಂದರೆ ಮನೆಯಿಂದ ಮನೆಗೆ ಮತ್ತೆ ಮತ್ತೆ ವೀಸಾ ಕೇಳುವುದಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೇವೋ ಆ ದೇಶಕ್ಕೇ ಅರ್ಜಿ ಹಾಕಬೇಕು, ನಮಗದು ಜರ್ಮನಿ. 2024ರ ಜೂನ್‌ನಿಂದ ದೊಡ್ಡವರಿಗೆ ಫೀ 90 ಯುರೋ. 30,000 ಯುರೋಗೆ ಕಡಿಮೆಯಿಲ್ಲದ ಆಸ್ಪತ್ರೆ ಖರ್ಚಿನ ವಿಮೆ ಬೇಕು. ಪಾಸ್‌ಪೋರ್ಟು ನಾವು ತಿರುಗಿ ಬಂದ ಮೇಲೂ ಮೂರು ತಿಂಗಳು ನಡೆಯುವಂತಿರಬೇಕು. ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು.

ಕಾಗದಪತ್ರ ಕೂಡಿಸುವಾಗಲೇ ಒಂದು ತಮಾಷೆ. ಹುಟ್ಟಿದ ಊರು ಎಂಬಲ್ಲಿ ಯಜಮಾನರ ಪಾಸ್‌ಪೋರ್ಟಿನಲ್ಲಿ "ಸೌಂದತ್ತಿ" ಎಂದಿದೆ, ಅವರ ಬೇರೆ ಕಾಗದಗಳಲ್ಲಿ "ಸವದತ್ತಿ". ನಮಗೆ ಎರಡೂ ಒಂದೇ ಊರು. ಪರದೇಶದವರಿಗೆ ಹೇಗೆ ಗೊತ್ತಾಗಬೇಕು? ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ಅಕ್ಷರ ತಪ್ಪದೆ ಬರೆಯಬೇಕು ಎಂಬುದನ್ನು ವಹಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡೆ.

ಅರ್ಜಿ ತುಂಬಲು ಒಂದು ಅಂಗಡಿಗೆ ಹೋದೆವು. ಹುಡುಗ ಚಕಚಕನೆ ತುಂಬಿ, ಮುದ್ರಿಸಿ ಕೈಗೆ ಕೊಟ್ಟ. "ಸಹಿ ಮಾಡ್ರಿ ಅಕ್ಕಾರ" ಎಂದ. ಯಜಮಾನರು ಪೆನ್ನು ತೆಗೆದರು. ನನಗೋ ಸಂತೆಯ ಚೀಟಿಯನ್ನೂ ಎರಡು ಸಲ ಓದುವ ಚಟ. ಮನೆಗೆ ಒಯ್ದು ಓದುತ್ತೇನೆಂದೆ. ರಾತ್ರಿ ಅಟ್ಲಾಸ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು ಓದಿದೆ. "ಎಷ್ಟು ಸಲ ಪ್ರವೇಶ ಬೇಕು?" ಎಂಬಲ್ಲಿ ಮೂರು ಚೌಕಗಳಿದ್ದವು: ಒಂದು ಸಲ, ಎರಡು ಸಲ, ಹಲವು ಸಲ. ಹುಡುಗ "ಒಂದು ಸಲ"ಕ್ಕೆ ಗುರುತು ಹಾಕಿದ್ದ.

ಬೆರಳನ್ನು ನಕಾಶೆಯ ಮೇಲೆ ಓಡಿಸಿದೆ. ಜರ್ಮನಿಗೆ ಒಳಗೆ ಹೋದೆವು, ಅದು ಒಂದು ಸಲ. ಪ್ಯಾರಿಸ್‌ನಿಂದ ಲಂಡನ್ನಿಗೆ ಹೋದೆವು. ಅರೇ, ಇಂಗ್ಲೆಂಡ್ ಆ ಅಂಗಳದೊಳಗೆ ಇಲ್ಲ! ಅದು ಎಂದೂ ಷೆಂಗೆನ್‌ನಲ್ಲಿ ಇರಲಿಲ್ಲ. 2020ರ ಜನವರಿ ಕೊನೆಗೆ ಯುರೋಪಿಯನ್ ಒಕ್ಕೂಟವನ್ನೂ ಬಿಟ್ಟಿದೆ. ಲಂಡನ್ನಿಗೆ ಹೋದರೆ ಅಂಗಳದ ಹೊರಗೆ ಬಿದ್ದಹಾಗೆ. ಮತ್ತೆ ಬ್ರಸೆಲ್ಸ್‌ಗೆ ಬರಬೇಕಾದರೆ ಅದು ಎರಡನೆಯ ಪ್ರವೇಶ. ಒಂದೇ ಸಲದ ವೀಸಾ ಇದ್ದರೆ ಲಂಡನ್ ಸ್ಟೇಶನ್ನಿನಲ್ಲೇ ನಮ್ಮನ್ನು ತಡೆಯುತ್ತಿದ್ದರು. ಭಾರತಕ್ಕೆ ಮರಳುವ ವಿಮಾನದ ಟಿಕೇಟು ಮ್ಯೂನಿಕ್‌ನದು, ಅರ್ಧ ಸಾಮಾನು ಮಗಳ ಕೋಣೆಯಲ್ಲಿ!

ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಅವರ ಮುಖ ಇಳಿಯಿತು. "ಲಂಡನ್ ಬಿಟ್ಟುಬಿಡೂಣು. ಇಷ್ಟು ತ್ರಾಸ ಯಾಕ? ಅದಕ್ಕ ಮತ್ತ ಬ್ಯಾರೆ ವೀಸಾ, ಬ್ಯಾರೆ ರೊಕ್ಕ" ಎಂದರು. ಇಪ್ಪತ್ತಾರು ವರ್ಷದಲ್ಲಿ ತಮಗೆಂದು ಏನನ್ನೂ ಕೇಳದವರು ಕೇಳಿದ್ದು ಅದೊಂದೇ ಊರು. ಅದನ್ನೇ ಬಿಡುವುದೇ? "ಲಂಡನ್ ಬಿಡೂದಿಲ್ರಿ. ಬಿಡೂದಿದ್ರ ನನ್ನ ಲೆಕ್ಕದಾಗಿಂದ ಬಿಡತೀನಿ" ಎಂದೆ.

ನಾನು ಬಿಟ್ಟದ್ದು ಯುಂಗ್‌ಫ್ರಾವ್ ಶಿಖರದ ರೈಲು. 1912ರಲ್ಲಿ ಪೂರ್ತಿಯಾದ ಆ ದಾರಿ 3,454 ಮೀಟರ್ ಎತ್ತರದ ಸ್ಟೇಶನ್ನಿಗೆ, ಯುರೋಪಿನಲ್ಲೇ ಎಲ್ಲಕ್ಕೂ ಎತ್ತರದ್ದಕ್ಕೆ, ಒಯ್ಯುತ್ತದೆ. ಟಿಕೇಟು ಬಲು ದುಬಾರಿ. ರೈಲು ಪಾಸಿದ್ದವರಿಗೂ ಮೇಲಿನ ದಾರಿಗೆ ರಿಯಾಯಿತಿ ಮಾತ್ರ. ಅಲ್ಲದೆ ಯಜಮಾನರಿಗೆ ರಕ್ತದೊತ್ತಡ. ಅದರ ಬದಲು ಲುಸರ್ನ್ ಹತ್ತಿರದ ರಿಗಿ ಗುಡ್ಡ ಹಿಡಿದೆ. ಎತ್ತರ 1,800 ಮೀಟರಿಗೆ ಎರಡು ಕಮ್ಮಿ. ಉಳಿದ ದುಡ್ಡು ಇಂಗ್ಲೆಂಡಿನ ವೀಸಾಕ್ಕೆ ಒದಗಿತು.

ಹೊಸ ಅರ್ಜಿಯಲ್ಲಿ "ಹಲವು ಸಲ" ಎಂದು ಗುರುತಿಸಿ, ಕಾರಣವನ್ನೂ ತಾರೀಖುವಾರು ಪಟ್ಟಿಯನ್ನೂ ಒಂದು ಪತ್ರದಲ್ಲಿ ಬರೆದು ಲಗತ್ತಿಸಿದೆವು. ಇಂಗ್ಲೆಂಡಿನ ವೀಸಾಕ್ಕೆ ಪ್ರಯಾಣದ ಮೂರು ತಿಂಗಳು ಮೊದಲಿನಿಂದ ಮಾತ್ರ ಅರ್ಜಿ ಹಾಕಬಹುದು. ಆದ್ದರಿಂದ ಜನವರಿಯಲ್ಲಿ ಜರ್ಮನಿಯದು, ಮಾರ್ಚಿನಲ್ಲಿ ಇಂಗ್ಲೆಂಡಿನದು. ಎರಡು ಸಲವೂ ಧಾರವಾಡದಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ವೀಸಾ ಕೈಗೆ ಬಂದ ಮೇಲೂ ಪ್ರವೇಶ ಎಷ್ಟು, ತಾರೀಖು ಯಾವುದು ಎಂದು ಓದಿ ನೋಡಿದೆ. ನೀವೂ ಓದಿ ನೋಡಿ. ಕೇಳಿದ್ದೇ ಸಿಕ್ಕಿದೆ ಎಂದು ನಂಬಿ ಕೂಡಬೇಡಿ.

ಪಾಸಿನ ಲೆಕ್ಕ

ಯುರೋಪಿನ ಹೊರಗಿನವರಿಗೆ "ಯುರೇಲ್" ಎಂಬ ಪಾಸು ಸಿಗುತ್ತದೆ, ಅಲ್ಲೇ ವಾಸವಿರುವವರಿಗೆ "ಇಂಟರ್‌ರೇಲ್". ಹತ್ತುವ ಗಾಡಿ ಎರಡಕ್ಕೂ ಅವೇ. 33 ದೇಶಗಳಲ್ಲಿ ನಡೆಯುತ್ತದೆ, ಇಂಗ್ಲೆಂಡೂ ಅದರಲ್ಲಿ ಸೇರಿದೆ. ಒಂದು ತಿಂಗಳ ಅವಧಿಯಲ್ಲಿ ನಾಲ್ಕು ದಿನ, ಐದು ದಿನ, ಏಳು ದಿನ ಹೀಗೆ ಬೇಕಾದಷ್ಟನ್ನು ಕೊಳ್ಳಬಹುದು. ಆ ದಿನ ಎಷ್ಟು ಗಾಡಿ ಬೇಕಾದರೂ ಹತ್ತಬಹುದು. ಇಲ್ಲಿ ಜನ ಮಾಡುವ ತಪ್ಪೆಂದರೆ ಪ್ರವಾಸದ ದಿನಗಳಷ್ಟಕ್ಕೂ ಪಾಸು ಕೊಳ್ಳುವುದು. ದೂರದ ಗಾಡಿ ಹತ್ತುವ ದಿನಗಳನ್ನಷ್ಟೇ ಎಣಿಸಿ. ನಮ್ಮ ಹತ್ತು ದಿನದಲ್ಲಿ ಅಂಥವು ಐದೇ.

ಮಗಳದು ಇಂಟರ್‌ರೇಲ್ ಪಾಸು. ಅವಳು ವಾಸವಿರುವ ಜರ್ಮನಿಯೊಳಗೆ ಅದು ಗಡಿ ದಾಟಿ ಹೋಗಲು ಮತ್ತು ಮರಳಿ ಬರಲು ಮಾತ್ರ ನಡೆಯುತ್ತದೆ. ಹೀಗಾಗಿ ಕಲೋನ್‌ನಿಂದ ಮ್ಯೂನಿಕ್‌ಗೆ ಅವಳಿಗೆ ಬೇರೆ ಟಿಕೇಟು ತೆಗೆಸಿದೆವು.

ಇನ್ನೊಂದು ಗುಟ್ಟು. ಪಾಸಿದ್ದರೆ ಸೀಟಿದೆ ಎಂದರ್ಥವಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್‌ನ ಬಹುತೇಕ ಗಾಡಿಗಳಲ್ಲಿ ಹಾಗೇ ಹತ್ತಿ ಕೂಡಬಹುದು. ಆದರೆ ಪ್ಯಾರಿಸ್‌ಗೆ ಹೋಗುವ ವೇಗದ ಗಾಡಿಗೆ ಮತ್ತು ಲಂಡನ್ನಿಗೆ ಹೋಗುವ ಯೂರೋಸ್ಟಾರ್‌ಗೆ ಸೀಟು ಕಾಯ್ದಿರಿಸಲೇಬೇಕು, ಅದಕ್ಕೆ ಹಣ ಬೇರೆ. ಪಾಸಿನವರಿಗೆಂದು ಇಟ್ಟ ಸೀಟುಗಳು ಕೆಲವೇ. ವೀಸಾ ಬಂದ ಮರುದಿನವೇ ಆ ಸೀಟು ಹಿಡಿದೆವು.

ಪಾಸು ಈಗ ಮೊಬೈಲಿನೊಳಗೇ ಬರುತ್ತದೆ. ಪ್ರತಿ ಗಾಡಿಯನ್ನೂ ಹತ್ತುವ ಮೊದಲೇ ಅದರಲ್ಲಿ ದಾಖಲಿಸಬೇಕು. ನಮ್ಮಿಬ್ಬರ ಪಾಸು ನನ್ನ ಫೋನಿನಲ್ಲಿ, ಮಗಳದು ಅವಳಲ್ಲಿ. ಚಾರ್ಜು ಹೋದರೆ ಗತಿಯೇನೆಂದು ಒಂದು ಪವರ್ ಬ್ಯಾಂಕು ಸೆರಗಿಗೆ ಕಟ್ಟಿಕೊಂಡಂತೆ ಹತ್ತಿರವೇ ಇಟ್ಟುಕೊಂಡಿದ್ದೆ.

ಗಂಟಿನ ತೂಕ, ಬುತ್ತಿಯ ಹದ

ಅಲ್ಲಿ ಹಮಾಲರಿಲ್ಲ. ಗಾಡಿ ಕೆಲವೇ ಮಿನಿಟು ನಿಲ್ಲುತ್ತದೆ. ಅದಕ್ಕೆ ಗಂಟಿನ ತೂಕವನ್ನು ತಕ್ಕಡಿಯಲ್ಲಿ ನೋಡಲಿಲ್ಲ. ಮನೆಯ ಮಾಳಿಗೆಯ ಮೆಟ್ಟಿಲ ಮೇಲೆ ನೋಡಿದೆ. ಅವರವರ ಪೆಟ್ಟಿಗೆಯನ್ನು ಅವರವರೇ ಎತ್ತಿ ಐದು ಮೆಟ್ಟಿಲು ಹತ್ತಬೇಕು. ಹತ್ತಲಾಗದಿದ್ದರೆ ಎರಡು ಸೀರೆ ಹೊರಗೆ! ಮೂರು ಸಲ ತೆಗೆದು ಹಾಕಿದ ಮೇಲೆ ಹದಕ್ಕೆ ಬಂತು.

ಬುತ್ತಿಯ ವಿಷಯದಲ್ಲಿ ಕಾಯದೆ ತಿಳಿದಿರಲಿ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲು, ಬೆಣ್ಣೆ, ತುಪ್ಪ, ಮಾಂಸ ಒಯ್ಯುವಂತಿಲ್ಲ. ಪೇಡೆ ಎಂದರೆ ಖವಾ, ಖವಾ ಎಂದರೆ ಹಾಲು. ವಾದ ಬೇಡವೆಂದು ಧಾರವಾಡ ಪೇಡೆಯನ್ನೂ ಬಿಟ್ಟೆವು. ಹಸಿ ಕಾಯಿಪಲ್ಲೆ, ಹಣ್ಣು, ಕರಿಬೇವಿಗೂ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಉಪ್ಪಿನಕಾಯಿ ವಿಮಾನದ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಇರಲಿ.

ನಮ್ಮ ಜ್ವಾರಿ ರೊಟ್ಟಿಗೆ ಯಾವ ಅಡ್ಡಿಯೂ ಇಲ್ಲ. ಪ್ರಯಾಣಕ್ಕೆ ಕಡಕ್ ರೊಟ್ಟಿ ಮಾಡುವಾಗ ಕುದಿಯುವ ನೀರು ಹಾಕಿ ಹಿಟ್ಟು ನಾದಿ, ಆದಷ್ಟು ತೆಳ್ಳಗೆ ಬಡಿದು ಬೇಯಿಸಿ. ಬಿಸಿ ಇದ್ದು ಮೆತ್ತಗಿರುವಾಗಲೇ ನಾಲ್ಕು ಮಡಿಕೆ ಮಡಚಿ, ಆಮೇಲೆ ಸಣ್ಣ ಉರಿಯ ಹಂಚಿನ ಮೇಲೆ ಒತ್ತಿ ಒಣಗಿಸಿ. ಹೀಗೆ ಮಾಡಿದರೆ ಡಬ್ಬಿಯಲ್ಲಿ ಕೂಡ್ರುತ್ತದೆ, ಪುಡಿಯಾಗುವುದಿಲ್ಲ. ಪೂರ್ತಿ ಆರಿದ ಮೇಲೇ ಮುಚ್ಚಬೇಕು, ಇಲ್ಲವಾದರೆ ಬೂಸರು ಬರುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಒಂದೊಂದು ಡಬ್ಬಿ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ಕುಟ್ಟುವುದು ನಿಮಗೇನು ಹೊಸದಲ್ಲ. ನೀರಿನ ಪಸೆ ತಾಗದಂತೆ ನೋಡಿಕೊಂಡರಾಯಿತು. ಮೊಸರು ಅಲ್ಲಿಯ ಅಂಗಡಿಗಳಲ್ಲೇ ಸಿಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಬೀದಿಯ ಕಾರಂಜಿಯ ನೀರನ್ನೇ ಕುಡಿಯುತ್ತಾರೆ, ಕುಡಿಯಬಾರದ ಕಡೆ ಫಲಕ ಇರುತ್ತದೆ. ಊಟಕ್ಕೆ ಹೊಟೇಲು ಹುಡುಕುವ ತಾಪತ್ರಯ ಅರ್ಧ ತಪ್ಪಿತು.

ಗಾಡಿ ಹತ್ತಿದ ಮೇಲೆ

ಲುಸರ್ನ್‌ನ ಕೆರೆಯಲ್ಲಿ ಹಡಗು ಹತ್ತಿ ವಿಟ್ಸ್‌ನಾವ್ ಎಂಬ ಹಳ್ಳಿಗೆ ಹೋಗಿ ರಿಗಿ ರೈಲು ಹತ್ತಿದೆವು. 1871ರಲ್ಲಿ ಶುರುವಾದ ಇದು ಯುರೋಪಿನ ಮೊಟ್ಟಮೊದಲ ಹಲ್ಲುಗಾಲಿಯ ಗುಡ್ಡದ ರೈಲು. ಹಳಿಯ ನಡುವೆ ಹಲ್ಲಿನ ಪಟ್ಟಿ, ಅದಕ್ಕೆ ಗಾಲಿ ಕಚ್ಚಿಕೊಂಡು ಮೇಲೇರುವುದು. ನಮ್ಮ ಊಟಿಯ ರೈಲೂ ಇದೇ ಜಾತಿಯದು. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ಶುರುವಾದ ಆ ದಾರಿಯ ಹಲ್ಲಿನ ಏರ್ಪಾಡೂ ಸ್ವಿಟ್ಜರ್ಲೆಂಡಿನ ಆಬ್ಟ್ ಎಂಬ ಇಂಜಿನಿಯರರದೇ. ಕಿಟಕಿಯಾಚೆ ಸಾಲು ಸಾಲು ಹಿಮದ ಗುಡ್ಡ. ಯುಂಗ್‌ಫ್ರಾವ್ ಬಿಟ್ಟ ಕೊರಗು ಅಲ್ಲೇ ಕರಗಿತು.

ಪ್ಯಾರಿಸ್‌ನಲ್ಲಿ ಒಂದು ಎಚ್ಚರಿಕೆ. ಮುಂಬಯಿಗೆ ಹೋದವರಿಗೆ ಗೊತ್ತು, ಒಂದು ಗಾಡಿ ದಾದರಿಗೆ ಬಂದರೆ ಇನ್ನೊಂದು ಕುರ್ಲಾದಿಂದ ಹೊರಡುತ್ತದೆ. ಅದೇ ರೀತಿ ಬಾಸೆಲ್ ಕಡೆಯ ಗಾಡಿ "ಗಾರ್ ದ ಲಿಯೋ" ಸ್ಟೇಶನ್ನಿಗೆ ಬರುತ್ತದೆ, ಲಂಡನ್ ಗಾಡಿ "ಗಾರ್ ದ್ಯು ನೋರ್" ಸ್ಟೇಶನ್ನಿನಿಂದ ಹೊರಡುತ್ತದೆ. ವಸತಿಯನ್ನು ಎರಡನೆಯದರ ಹತ್ತಿರವೇ ಹಿಡಿದಿದ್ದೆವು. ಲಂಡನ್ ಗಾಡಿಗೆ ಒಂದೂವರೆ ತಾಸು ಮೊದಲೇ ಹೋಗಬೇಕು, ಫ್ರೆಂಚರ ಮತ್ತು ಇಂಗ್ಲಿಷರ ತಪಾಸಣೆ ಎರಡೂ ಅಲ್ಲೇ ಆಗುತ್ತವೆ. 2025ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನವರೂ ಯುರೋಪಿನ ಹಾಲು ಮಾಂಸಕ್ಕೆ ತಡೆ ಹಾಕಿದ್ದರಿಂದ ಉಳಿದ ಮೊಸರನ್ನು ಸ್ಟೇಶನ್ನಿನ ಬೆಂಚಿನ ಮೇಲೇ ರೊಟ್ಟಿಯೊಂದಿಗೆ ಮುಗಿಸಿದೆವು.

1994ರಲ್ಲಿ ತೆರೆದ ಆ ಸುರಂಗ ಒಟ್ಟು 50 ಕಿಲೋಮೀಟರ್. ಅದರಲ್ಲಿ 38 ಕಿಲೋಮೀಟರ್ ಸಮುದ್ರದ ತಳದ ಕೆಳಗೆ. ಹೆಚ್ಚೂಕಡಿಮೆ ಸವದತ್ತಿಯಿಂದ ಧಾರವಾಡಕ್ಕೆ ಇರುವಷ್ಟು ದೂರ. ಬಸ್ಸಿನಲ್ಲಿ ನಮಗೆ ಒಂದು ತಾಸು ಮೀರಿ ಹಿಡಿಯುವ ದಾರಿ ಅಲ್ಲಿ ಇಪ್ಪತ್ತು ಮಿನಿಟಿನ ಕತ್ತಲೆ, ಅಷ್ಟೇ. ಲಂಡನ್ನಿನ ಗಡಿಯಾರ ಪ್ಯಾರಿಸ್‌ಗಿಂತ ಒಂದು ತಾಸು ಹಿಂದೆ, ಮರೆಯಬೇಡಿ.

ಮರುದಿನ ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ದಾರಿಯಲ್ಲಿ ಒಂದು ಹೂವಿನ ಕಟ್ಟು ಕೊಂಡು ನದಿಯ ದಂಡೆಗೆ ಹೋದೆವು. ಯಜಮಾನರು ಹೂವಿಟ್ಟು ಬಹಳ ಹೊತ್ತು ನಿಂತರು. ಓಡಾಡುವ ಜನ ತಮ್ಮಷ್ಟಕ್ಕೆ ತಾವು ಹೋಗುತ್ತಿದ್ದರು. ಅಂಗಡಿಯ ಗಲ್ಲೆಯಲ್ಲಿ ಹಳದಿಯಾಗಿದ್ದ ಆ ಪತ್ರಿಕೆಯ ತುಣುಕನ್ನು ಜೇಬಿನಿಂದ ತೆಗೆದು, ಚಿತ್ರವನ್ನೂ ಮೂರ್ತಿಯನ್ನೂ ಒಮ್ಮೆ ನೋಡಿ, ಮತ್ತೆ ಮಡಚಿ ಇಟ್ಟುಕೊಂಡರು. "ಆ ಚೌಕ ನೀ ನೋಡಲಿಲ್ಲಂದ್ರ ನಾ ಇಲ್ಲಿ ಬರ್ತಿದ್ದಿಲ್ಲ" ಎಂದರು. ಅಷ್ಟೇ ಮಾತು.

ಮರಳುವ ದಿನ ಒಂದು ಗಾಡಿ ಒಂದು ತಾಸು ತಡವಾಯಿತು. ಬ್ರಸೆಲ್ಸ್‌ನಲ್ಲಿ ಎರಡು ತಾಸಿನ ಅಂತರ ಇಟ್ಟಿದ್ದೆನಾದ್ದರಿಂದ ಮುಂದಿನ ಗಾಡಿ ತಪ್ಪಲಿಲ್ಲ. "ಇಷ್ಟ್ಯಾಕ ಟೈಮ್ ಬಿಟ್ಟೀಯವ್ವಾ" ಎಂದು ಮೊದಲು ನಕ್ಕಿದ್ದ ಮಗಳು ಸುಮ್ಮನೆ ಹಿಂಡಿಯ ಡಬ್ಬಿ ಬಿಚ್ಚಿದಳು. ಕಲೋನ್‌ನಲ್ಲಿ ಇಳಿದರೆ ಸ್ಟೇಶನ್ನಿಗೆ ಅಂಟಿಕೊಂಡೇ 157 ಮೀಟರ್ ಎತ್ತರದ ಚರ್ಚು. 1248ರಲ್ಲಿ ಕಟ್ಟಲು ಹಿಡಿದದ್ದು 1880ರಲ್ಲಿ ಮುಗಿಯಿತಂತೆ. ಅದನ್ನು ನೋಡಲು ಎಲ್ಲಿಗೂ ನಡೆಯಬೇಕಾಗಲಿಲ್ಲ.

ಈಗ ನನ್ನ ವಹಿ ಓಣಿಯಲ್ಲಿ ಕೈಯಿಂದ ಕೈಗೆ ತಿರುಗುತ್ತಿದೆ. ಮೊನ್ನೆ ಮೂರನೆಯ ಮನೆಯವರು ಮಗನ ಹತ್ತಿರ ನೆದರ್‌ಲ್ಯಾಂಡ್ಸ್‌ಗೆ ಹೋಗುವವರು ಒಯ್ದಿದ್ದಾರೆ. ಯುರೋಪು ಬೇಡ, ಕಾಶಿಗೇ ಹೋಗುವವರಿದ್ದರೂ ಲೆಕ್ಕ ಬೇರೆಯಲ್ಲ: ತಲೆಗೊಂದು ಊರು ಆರಿಸಿ, ಬಿಡುವುದನ್ನು ಮೊದಲೇ ಬಿಡಿ, ಗಾಡಿಯಿಂದ ಗಾಡಿಗೆ ಸಮಯ ಇಡಿ, ಸಹಿ ಹಾಕುವ ಮೊದಲು ಕಾಗದವನ್ನು ನೀವೇ ಓದಿ. ಇಂಗ್ಲಿಷ್ ಬಾರದಿದ್ದರೆ ಓದಿ ಹೇಳುವವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನೀವು ಬೆರಳಿಟ್ಟು ಕೇಳಿ. ಮನೆಯ ಖರ್ಚಿನ ಚೀಟಿಯಲ್ಲಿ ಎಂಟಾಣೆ ತಪ್ಪಿದರೂ ಹಿಡಿಯುವವರು ನಾವು. ಇದು ನಮಗೆ ಆಗದ ಕೆಲಸವೇನಲ್ಲ.

ಧಾರವಾಡದಲ್ಲಿ ಗಾಡಿ ಇಳಿದು, ಸವದತ್ತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ರೊಟ್ಟಿ ಉಳಿದಿದ್ದವು. ಒಂದೂ ಮುರಿದಿರಲಿಲ್ಲ.